1939ರ ರೂಪಾಯಿ ಅಸಲಿಯೋ ನಕಲಿಯೋ? ನಾನು ನೋಡುವ ಬಗೆ

ಹಳೆ ನಾಣ್ಯ ಕೈಗೆ ಬಂದ ಕೂಡಲೇ ನಾನು ತಕ್ಕಡಿ ತೆಗೆಯುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಮೋಸಕ್ಕೆ ಅಂತ ಮಾಡಿದ್ದರೆ ಹೇಗೆ ಮಾಡಿರಬಹುದು? ಒಂದೊಂದು ನಾಣ್ಯಕ್ಕೂ ಒಂದೊಂದು ದಾರಿ ಇರುತ್ತದೆ. ಆ ದಾರಿ ಹೊಳೆದರೆ ಎಲ್ಲಿ ನೋಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಆರನೇ ಜಾರ್ಜ್ ಮುಖವಿರುವ 1939ರ ಬೆಳ್ಳಿ ರೂಪಾಯಿಯನ್ನೇ ತಗೊಳ್ಳಿ. ಮುಂಬೈ ಟಂಕಸಾಲೆಯಲ್ಲಿ ಅಚ್ಚಾದದ್ದು. ಯುದ್ಧ ಶುರುವಾಯಿತು, ಜನ ಬೆಳ್ಳಿ ಕೂಡಿಡತೊಡಗಿದರು, ಸರ್ಕಾರ 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು 91.7 ಶೇಕಡದಿಂದ ಅರ್ಧಕ್ಕೆ, ಅಂದರೆ 50 ಶೇಕಡಕ್ಕೆ ಇಳಿಸಿತು. 1939ರವು ಬಹುಪಾಲು ಕರಗಿಹೋದವು. ಹಾಗಾಗಿ ಅದಕ್ಕೆ ಬೆಲೆ ಜಾಸ್ತಿ. ಅದರ ಪಕ್ಕದ 1938ರದ್ದು ಮಾತ್ರ ಬೇಕಾದಷ್ಟು ಸಿಗುತ್ತದೆ. ಅದೇ ಮುಖ, ಅದೇ ತೂಕ, ಅದೇ ಬೆಳ್ಳಿ. ಕೊನೆಯ 8ರ ಕೆಳಗಿನ ಸೊನ್ನೆಯ ಎಡಬದಿ ಕೆರೆದರೆ 9 ಆಯ್ತು, ಅಲ್ವಾ?

ಇಂಥ ನಾಣ್ಯದ ಮೇಲೆ ತಕ್ಕಡಿ, ಮ್ಯಾಗ್ನೆಟ್, ಒರೆಗಲ್ಲು ಯಾವುದೂ ನಡೆಯುವುದಿಲ್ಲ. ನಾಣ್ಯ ನಿಜವಾದದ್ದೇ. ಸುಳ್ಳು ಇರುವುದು ಒಂದು ಅಂಕಿಯಲ್ಲಿ ಮಾತ್ರ. ಹಾಗಾಗಿ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು ನೇರವಾಗಿ ಇಸವಿಗೇ ಹೋಗುತ್ತೇನೆ. ನಮ್ಮ ಅದೃಷ್ಟಕ್ಕೆ 1939ರಲ್ಲಿ ಎರಡು 9 ಇವೆ. ಮೊದಲನೆಯದನ್ನು ಯಾರೂ ಮುಟ್ಟಿರುವುದಿಲ್ಲ, ಅದೇ ನನ್ನ ಮಾದರಿ. ಎರಡರ ಬಾಲ ಒಂದೇ ತರಹ ಬಾಗಿದೆಯೇ? ದಪ್ಪ ಒಂದೇ ಇದೆಯೇ? ಆಮೇಲೆ ಟಾರ್ಚನ್ನು ಪಕ್ಕದಿಂದ, ನಾಣ್ಯಕ್ಕೆ ಹೆಚ್ಚುಕಡಿಮೆ ಸಮವಾಗಿ ಹಿಡಿಯುತ್ತೇನೆ. ಅಂಕಿ ಕೆರೆದಿದ್ದರೆ ಕೊನೆಯ 9ರ ಎಡಗಡೆ ನೆಲ ಸ್ವಲ್ಪ ತಗ್ಗಿರುತ್ತದೆ, ಇಲ್ಲವೇ ಕೂದಲೆಳೆಯಂಥ ಗೀಚುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ಕೆಲವರು ಆ ಗೀಚು ಮುಚ್ಚಲು ಪಾಲಿಶ್ ಹಾಕಿರುತ್ತಾರೆ. ಆಗ ಆ ಜಾಗ ಮಾತ್ರ ಸುತ್ತಲಿಗಿಂತ ಬೇರೆ ಬಣ್ಣ ಕಾಣುತ್ತದೆ. ಎಂಬತ್ತು ವರ್ಷದ ಕಪ್ಪು ಬರೀ ಒಂದು ಅಂಕಿಯ ಪಕ್ಕದಲ್ಲಿ ಇಲ್ಲ ಅಂದ್ರೆ ಏನರ್ಥ?

1940ರ ಅಥವಾ ಆಮೇಲಿನ ನಾಣ್ಯವನ್ನು 1939 ಅಂತ ತಿದ್ದಿದ್ದರೆ ಹಿಡಿಯುವುದು ಸುಲಭ. ಅಂಚು ನೋಡಿದರೆ ಸಾಕು. 1939ರದ್ದರಲ್ಲಿ ಅಂಚಿನ ತುಂಬ ನೇರ ಗೀರುಗಳಷ್ಟೇ ಇರುತ್ತವೆ. 1940ರಿಂದ ಕಳ್ಳನಾಣ್ಯ ತಡೆಯಲೆಂದೇ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ ತೋಡಿ ಅದರೊಳಗೆ ಚಿತ್ತಾರ ಹಾಕಿದರು.

ಇನ್ನೊಂದು ದಾರಿ ಎರಕ. ಅಸಲಿ ನಾಣ್ಯದಿಂದ ಪಡಿಯಚ್ಚು ತೆಗೆದು ಜರ್ಮನ್ ಸಿಲ್ವರೋ (ಹೆಸರಲ್ಲಷ್ಟೇ ಬೆಳ್ಳಿ; ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ) ಹಿತ್ತಾಳೆಯೋ ಕರಗಿಸಿ ಸುರಿದು, ಮೇಲೆ ಬೆಳ್ಳಿ ನೀರು ಕುಡಿಸಿರುತ್ತಾರೆ. ಇದರ ಅಕ್ಷರಗಳು ಬಳಸಿದ ಸೋಪಿನ ಮೇಲಿನ ಹೆಸರಿನ ಹಾಗೆ ಮೊಂಡಾಗಿರುತ್ತವೆ. ಸವೆದ ನಾಣ್ಯವೂ ಮೊಂಡಾಗಿರುತ್ತದಲ್ಲ ಅಂತ ನೀವು ಕೇಳಬಹುದು. ವ್ಯತ್ಯಾಸ ಇಲ್ಲಿದೆ: ಸವೆತ ಬರುವುದು ಎತ್ತರದ ಕಡೆ, ಅಂದರೆ ಕೆನ್ನೆ, ಕಿರೀಟದ ಮೇಲೆ. ತಗ್ಗಿನ ಮೂಲೆಗಳು ಚೂಪಾಗಿಯೇ ಉಳಿಯುತ್ತವೆ. ಎರಕದಲ್ಲಿ ಮೂಲೆಯೂ ಮೊಂಡು. ಜೊತೆಗೆ ಗಾಳಿಗುಳ್ಳೆ ಒಡೆದ ಪುಟ್ಟ ಕುಳಿಗಳು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ, ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು.

ಅನುಮಾನ ಉಳಿದರೆ ಆಮೇಲೆ ತಕ್ಕಡಿ. ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು, ಜಾಸ್ತಿ ತೂಗಿದರೆ ಎಚ್ಚರ. ಆದರೆ ತೂಕ ಸರಿಯಾಗಿಸುವುದು ಕಷ್ಟವಲ್ಲ, ಸ್ವಲ್ಪ ದಪ್ಪ ಮಾಡಿದರಾಯ್ತು. ಅದಕ್ಕೆ ನೀರಿನ ಪರೀಕ್ಷೆ ಬೇಕು. ಎರಡು ದಶಾಂಶ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರುತ್ತೇನೆ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸುತ್ತೇನೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ, ಗ್ರಾಂನಲ್ಲಿ; ಲೋಹ ಹಗುರವಾದಷ್ಟೂ ಅದೇ ತೂಕದ ನಾಣ್ಯ ಹೆಚ್ಚು ನೀರು ಸರಿಸುತ್ತದೆ. 91.7 ಶೇಕಡ ಬೆಳ್ಳಿಯ, ಪೂರ್ತಿ ತೂಕದ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸುತ್ತದೆ. ಅರ್ಧ ಬೆಳ್ಳಿಯದ್ದಕ್ಕೆ 1.22ರ ಆಸುಪಾಸು. ಜರ್ಮನ್ ಸಿಲ್ವರ್ ಆದರೆ 1.34 ದಾಟಬಹುದು. ನಾಣ್ಯದ ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಮೆಲ್ಲಗೆ ಅಲ್ಲಾಡಿಸಿ ಬಿಡಿಸಿಕೊಳ್ಳಿ.

ಮ್ಯಾಗ್ನೆಟ್ ಬಗ್ಗೆ ಒಂದು ಮಾತು. ಬೆಳ್ಳಿ ಅಂಟುವುದಿಲ್ಲ, ಸರಿ. ಆದರೆ ಹುಲಿ ಚಿತ್ರದ 1947ರ ರೂಪಾಯಿ ನಿಕ್ಕಲ್‌ನದ್ದು, ಅಸಲಿಯೇ ಗಪ್ಪನೆ ಅಂಟಿಕೊಳ್ಳುತ್ತದೆ. ಅಂಟಿತು ಅಂತ ಅದನ್ನು ನಕಲಿ ಅನ್ನಬೇಡಿ.

ಇನ್ನು ಕೆಲವಕ್ಕೆ ಪರೀಕ್ಷೆಯೇ ಬೇಡ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ ಅಥವಾ ಹನುಮಂತ, ಇನ್ನೊಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ', 1616 ಅಂತಲೋ 1818 ಅಂತಲೋ ಇಸವಿ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇದರ ಅಸಲಿಯೇ ಇಲ್ಲದ ಮೇಲೆ ನಕಲಿ ಅನ್ನುವುದಾದರೂ ಹೇಗೆ! ಇದನ್ನೇ ಹಿಡಿದುಕೊಂಡು 'ಅಕ್ಕಿ ಎಳೆಯುತ್ತದೆ' ಅಂತ ಲಕ್ಷಗಟ್ಟಲೆ ಕೀಳುವವರಿದ್ದಾರೆ. ಅಕ್ಕಿಗೆ ಕಬ್ಬಿಣದ ಪುಡಿ ಸೇರಿಸಿ ಅಯಸ್ಕಾಂತದ ಆಟ ಆಡುತ್ತಾರೆ, ಅಷ್ಟೇ.

ಮಾರುವವರ ಕತೆಗೆ ನಾನು ಬೆಲೆ ಕೊಡುವುದಿಲ್ಲ. "ಹೊಲ ಉಳುವಾಗ ಸಿಕ್ತು ಸಾರ್" ಅನ್ನುವವರೇ ಜಾಸ್ತಿ. ಕತೆ ಸುಳ್ಳಾದರೆ ನಾಣ್ಯವೂ ಸುಳ್ಳಿರಬಹುದು. ನಿಜವಾದರೆ ನಿಧಿ ಕಾಯ್ದೆ ಇದೆ, ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಎರಡೂ ಕಡೆಯಿಂದ ನನಗೆ ಆ ವ್ಯಾಪಾರ ಬೇಡ.

ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ತಂದವರಿಗೆ ನಾನು ಏನೂ ಹೇಳಲಾರೆ. ನೋಡಬೇಕಾದ ಕಪ್ಪೇ ಹೋಗಿರುತ್ತದೆ. ಅಂಥದ್ದಕ್ಕೆ ಚಿನ್ನದಂಗಡಿಯ ಎಕ್ಸ್-ರೇ ಮೆಷಿನ್‌ಗೆ ಹಿಡಿಸಿ ಅಂತೀನಿ. ಮೇಲ್ಮೈಯಲ್ಲಿ ಎಷ್ಟು ಬೆಳ್ಳಿ ಇದೆ ಅಂತ ಅದು ಹೇಳುತ್ತದೆ, ಆದರೆ ದಪ್ಪ ಲೇಪನ ಇದ್ದರೆ ಅದೂ ಮೋಸ ಹೋಗುತ್ತದೆ. ಮೆಷಿನ್ ಚೀಟಿ ಬಂದ ಮೇಲೂ ನೀರಿನ ಲೋಟಕ್ಕೆ ಇಳಿಸಿ ನೋಡಿ. ಕೊನೆಯ 9 ಮಾತ್ರ ನಿಮ್ಮ ಕಣ್ಣೇ ನೋಡಬೇಕು.