ಒಂಟಿ ಕ್ರಿಸ್ತನ ಚಿತ್ರವನ್ನು ನೋಡುವ ಬಗೆ

ಶಿವಾಜಿನಗರದ ಅಂಗಡಿಗಳಲ್ಲಿ ತೂಗುವ ಪಟಗಳಿಂದ ಹಿಡಿದು ಮನೆಯ ಕ್ಯಾಲೆಂಡರಿನವರೆಗೆ ಎಲ್ಲವೂ ಕ್ರಿಸ್ತನ ಮುಖದ ಕರುಣೆಯನ್ನೇ ಮುಂದಿಡುವುದರಿಂದ ನಮ್ಮ ಕಣ್ಣು ಮೊದಲು ಮುಖಕ್ಕೆ ಹೋಗುವುದು ಸಹಜ. ಆದರೆ ಆಧುನಿಕ ಕಾಲದ ಕಲಾವಿದರು ಬರೆದ ಒಂಟಿ ಕ್ರಿಸ್ತನನ್ನು ನೋಡುವಾಗ ಮುಖವನ್ನು ಕೊನೆಗೆ ಉಳಿಸಿಕೊಳ್ಳಿ. ಮೊದಲು ಕೈಗಳನ್ನು, ಆಮೇಲೆ ಆತ ಕುಳಿತ ನೆಲವನ್ನು ನೋಡಿ.

ಅಭ್ಯಾಸಕ್ಕೆ ರಷ್ಯಾದ ಇವಾನ್ ಕ್ರಾಮ್‌ಸ್ಕೋಯ್ 1872ರಲ್ಲಿ ಬರೆದ ‘ಅಡವಿಯಲ್ಲಿ ಕ್ರಿಸ್ತ’ ಒಳ್ಳೆಯದು. ಕ್ರಿಸ್ತ ಅಡವಿಯಲ್ಲಿ ನಲವತ್ತು ದಿನ ಒಬ್ಬನೇ ಉಪವಾಸವಿದ್ದು ಸೈತಾನನ ಆಮಿಷಗಳನ್ನು ಎದುರಿಸಿದ ಬೈಬಲಿನ ಕಥೆಯೇ ಇದರ ವಸ್ತು. ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿರುವ ಮೂಲಚಿತ್ರ ಸುಮಾರು ಎರಡು ಮೀಟರ್ ಅಗಲವಿದೆ, ಆದ್ದರಿಂದ ಮೊಬೈಲಿನ ಪರದೆಯಲ್ಲಿ ಅದು ದಕ್ಕುವುದಿಲ್ಲ. ಎ3 ಹಾಳೆಯಲ್ಲಾದರೂ ಬಣ್ಣದ ಪ್ರಿಂಟ್ ತೆಗೆಸಿ, ಕುಳಿತಾಗ ಕಣ್ಣಿಗೆ ನೇರವಾಗುವಂತೆ ಗೋಡೆಗೆ ಅಂಟಿಸಿ, ಬೀದಿ ಎಚ್ಚರವಾಗುವ ಮುನ್ನ ಅದರೆದುರು ಅರ್ಧ ಗಂಟೆ ಕುಳಿತುಕೊಳ್ಳಿ.

ಕೈಗಳನ್ನು ಗಮನಿಸಿ. ಅವು ಪ್ರಾರ್ಥನೆಗೆ ಜೋಡಿಸಿದ ಕೈಗಳಲ್ಲ. ಮೊಣಕಾಲುಗಳ ಬಳಿ ಬೆರಳಿಗೆ ಬೆರಳು ಹೆಣೆದು ಬಿಗಿಹಿಡಿದ ಕೈಗಳು. ನೀವೂ ಹಾಗೆಯೇ ಕುಳಿತು ಬೆರಳು ಹೆಣೆದು ನೋಡಿ: ಸ್ವಲ್ಪ ಹೊತ್ತಿಗೇ ಹೆಗಲು ಮುಂದಕ್ಕೆ ಬಾಗುತ್ತದೆ, ಉಸಿರು ಸಣ್ಣದಾಗುತ್ತದೆ. ರಾತ್ರಿಯಿಡೀ ಒಂದು ನಿರ್ಧಾರದೊಡನೆ ಸೆಣಸಿದವನ ಮೈ ಹೇಗಿರುತ್ತದೆಂಬುದು ವಿವರಣೆಗಿಂತ ಈ ಭಂಗಿಯಿಂದಲೇ ಹೆಚ್ಚು ತಿಳಿಯುತ್ತದೆ.

ಇನ್ನು ನೆಲ. ಕನ್ನಡ ಬೈಬಲಿನ ‘ಅಡವಿ’ ನಮಗೆ ಮರಗಿಡಗಳನ್ನು ನೆನಪಿಸುತ್ತದೆ, ಆದರೆ ಇಲ್ಲಿರುವುದು ಬರೀ ಬೂದು ಕಲ್ಲು, ಅದರ ಮೇಲೆ ಬರಿಗಾಲು. ಬೆಳಗಿನ ಜಾವ ಲಾಲ್‌ಬಾಗಿನ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಕುಳಿತವರಿಗೆ ಆ ತಣ್ಪಿನ ಪರಿಚಯವಿರುತ್ತದೆ.

ಇದರ ಪಕ್ಕದಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಲಿ ಸ್ಪೆನ್ಸರ್ 1939ರಲ್ಲಿ ಬರೆದ ಚೇಳಿನ ಚಿತ್ರವನ್ನಿಡಿ. ಅಡವಿಯ 40 ದಿನಗಳಿಗೆ 40 ಚಿತ್ರಗಳೆಂದು ಆತ ಯೋಜಿಸಿದ್ದರೂ ಪೂರ್ಣಗೊಂಡವು ಹತ್ತಕ್ಕೂ ಕಡಿಮೆ. ದಾಂಪತ್ಯಗಳು ಮುರಿದುಬಿದ್ದ ಮೇಲೆ ಲಂಡನ್ನಿನ ಒಂದು ಕೋಣೆಯಲ್ಲಿ ಒಬ್ಬನೇ ಇದ್ದು ಆರಂಭಿಸಿದ ಸರಣಿಯದು. ಇಲ್ಲಿಯೂ ಕೈಗಳೇ ಮುಖ್ಯ. ದಪ್ಪ ಮೈಯ ಕ್ರಿಸ್ತ ನೆಲದ ಮೇಲೆ ಕುಳಿತು, ಅಂಗೈಯಲ್ಲಿ ಚೇಳನ್ನಿಟ್ಟುಕೊಂಡು ನೋಡುತ್ತಿದ್ದಾನೆ. ಕ್ರಾಮ್‌ಸ್ಕೋಯ್‌ನ ಕ್ರಿಸ್ತನ ಏಕಾಂತ ಮುಚ್ಚಿಕೊಂಡಿದೆ, ಇವನದು ತೆರೆದುಕೊಂಡಿದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಠಿಣವಾದ ಧ್ಯಾನ.

ಫ್ರಾನ್ಸಿನ ಜಾರ್ಜ್ ರುವೊನ ಚಿತ್ರಗಳಿಗೆ ಬೇರೆ ಸಿದ್ಧತೆ ಬೇಕು. ಹದಿನಾಲ್ಕರ ವಯಸ್ಸಿನಲ್ಲಿ ಆತ ಬಣ್ಣದ ಗಾಜಿನ ಕಿಟಕಿ ಮಾಡುವವರ ಬಳಿ ಕೆಲಸ ಕಲಿಯಲು ಸೇರಿದ್ದ. ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಪೂಜೆಯಿಲ್ಲದ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಕಿಟಕಿಯ ಬಣ್ಣಗಳನ್ನು ಬೇರ್ಪಡಿಸುವ ಕಪ್ಪು ಗೆರೆಗಳನ್ನಷ್ಟೇ ನೋಡಿ ಬಂದರೆ, ಆತನ ಕ್ರಿಸ್ತನನ್ನು ಸುತ್ತುವರಿದ ದಪ್ಪ ಗೆರೆ ಎಲ್ಲಿಯದೆಂದು ಹೊಳೆಯುತ್ತದೆ. ಸಮೀಪದ ಉದಾಹರಣೆ ಬೇಕೆನ್ನುವವರು ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿಯವರ ಕೃತಿಗಳನ್ನು ನೋಡಬಹುದು.

ಇಷ್ಟಾದ ಮೇಲೆ ಕ್ರಾಮ್‌ಸ್ಕೋಯ್‌ನ ಚಿತ್ರಕ್ಕೆ ಮರಳಿ ಮುಖವನ್ನು ನೋಡಿ. ತಲೆಯ ಸುತ್ತ ಪ್ರಭಾವಳಿಯಿಲ್ಲ. ಹಿಂದೆ ಆಕಾಶ ಕೆಂಪಾಗುತ್ತಿದೆ, ಆತ ಇನ್ನೂ ಅತ್ತ ತಿರುಗಿಲ್ಲ.