ಸರಸ್ ವಿಮಾನ ತೂಗಿದ ದಿನಗಳು

ವಿಮಾನ ತೂಗುವ ದಿನ ಹ್ಯಾಂಗರ್ ಬಾಗಿಲುಗಳನ್ನೆಲ್ಲ ಮುಚ್ಚುತ್ತಿದ್ದೆವು. ಫ್ಯಾನ್ ಕೂಡ ಆಫ್. ಗಾಳಿ ಸಿಕ್ಕರೆ ಮೇಲೇಳುವುದೇ ರೆಕ್ಕೆಯ ಕೆಲಸ ಅಲ್ವಾ? ಸ್ವಲ್ಪ ಬೀಸಿದರೂ ತೂಕದ ಅಂಕಿ ಅಲ್ಲಾಡುತ್ತದೆ.

ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ 14 ಸೀಟಿನ ಸರಸ್‌ನಲ್ಲಿ ನನ್ನದು ತೂಕದ ಲೆಕ್ಕ. ಇದರ ಎರಡೂ ಟರ್ಬೊಪ್ರಾಪ್ ಎಂಜಿನ್‌ಗಳು ಹಿಂದೆ, ಬಾಲದ ಹತ್ತಿರ ಇವೆ. ಪ್ರೊಪೆಲ್ಲರ್ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ಸದ್ದು ಪ್ರಯಾಣಿಕರಿಂದ ದೂರ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಭಾರವೆಲ್ಲ ಹಿಂದೆ ಕೂತರೆ ತೂಕದ ಮಧ್ಯಬಿಂದು ಹಿಂದಕ್ಕೆ ಜಾರುತ್ತದೆ. ಆ ಬಿಂದುವಿನಿಂದ 6 ಮೀಟರ್ ಹಿಂದೆ 1 ಕೆಜಿ ಸೇರಿಸಿದರೆ, 4 ಮೀಟರ್ ಮುಂದೆ ಒಂದೂವರೆ ಕೆಜಿ ಇಟ್ಟು ಸರಿದೂಗಿಸಬೇಕು. ಸುಮ್ನೆ ಹೊರುವ ಭಾರ ಅದು.

ತೂಗುವ ಮುಂಚೆ ಟ್ಯಾಂಕಿನ ಇಂಧನ ಖಾಲಿ ಮಾಡಬೇಕು. ಒಳಗೆ ಬಿಟ್ಟ ಸ್ಪ್ಯಾನರ್, ಒರೆಸುವ ಬಟ್ಟೆ ಎಲ್ಲ ಹುಡುಕಿ ತೆಗೆಯಬೇಕು. ವಿಮಾನ ಎತ್ತಲು ಮೂರು ಜಾಕ್, ಅವುಗಳ ತುದಿಯಲ್ಲಿ ಭಾರ ಅಳೆಯುವ ಲೋಡ್ ಸೆಲ್. ಮಟ್ಟ ಸರಿಯಾಗುವ ತನಕ ಕೂದಲೆಳೆಯಷ್ಟು ಏರಿಸು, ಇಳಿಸು. ಮೂರು ಸಲ ತೂಗುತ್ತಿದ್ದೆವು. ಮೂರೂ ಸಲ ಅಂಕಿ ಹೊಂದಿದರೆ ಮಾತ್ರ ಪುಸ್ತಕಕ್ಕೆ ಏರಿಸುತ್ತಿದ್ದೆ.

ತೂಕ ಬರುವುದು ದೊಡ್ಡ ಭಾಗಗಳಿಂದ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಅದು ಬ್ರಾಕೆಟ್, ವೈರು, ಸೀಲೆಂಟ್, ಬಣ್ಣದ ರೂಪದಲ್ಲಿ ಸದ್ದಿಲ್ಲದೆ ಒಳಗೆ ಬರುತ್ತದೆ. “ಬರೀ 40 ಗ್ರಾಂ ಸಾರ್” ಅಂತ ಹುಡುಗರು ಬ್ರಾಕೆಟ್ ತಂದು ಕೈಗಿಡುತ್ತಿದ್ದರು. ಅಂಥವು ನೂರು ಸೇರಿದರೆ 4 ಕೆಜಿ. ಅದಕ್ಕೇ ಪ್ರತಿಯೊಂದನ್ನೂ ಪುಟ್ಟ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳುತ್ತಿದ್ದೆ. 2004ರ ಮೇ 29ರಂದು ಮೊದಲ ಸಲ ಹಾರಿದ ಮಾದರಿ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಗ್ರಾಂ ಲೆಕ್ಕದ ಬೆಲೆ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಹತ್ತಿರ ಬಿತ್ತು. ಅದರಲ್ಲಿದ್ದ ವಾಯುಪಡೆಯ ಮೂವರು ತೀರಿಕೊಂಡರು. ಆಮೇಲೆ ಪುಸ್ತಕದಲ್ಲಿ ಒಂದು ಅಂಕಿ ಬರೆಯುವಾಗಲೂ ಅವರ ಮುಖ ಕಣ್ಮುಂದೆ ಬರುತ್ತಿತ್ತು. ಕೂಡಿದ್ದನ್ನೇ ಮತ್ತೆ ಕೂಡುತ್ತಿದ್ದೆ.

ಮೊದಲ ಮಾದರಿಯನ್ನೇ ತಿದ್ದಿ ಕಟ್ಟಿದ ಪಿಟಿ1ಎನ್ 2018ರ ಜನವರಿ 24ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿತು. ರನ್‌ವೇಯಲ್ಲಿ ಓಡುವಾಗ ನನ್ನ ಕಣ್ಣೆಲ್ಲ ಮೂಗಿನ ಚಕ್ರದ ಮೇಲಿತ್ತು. ಮಧ್ಯಬಿಂದು ತಪ್ಪಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಚಕ್ರ ಹದವಾಗಿ ನೆಲ ಬಿಟ್ಟಿತು.