ಹಳ್ಳಿಯ ವಾಚನಾಲಯದಲ್ಲಿ ‘ಕೆಸ್’ ಚಿತ್ರವನ್ನು ತೋರಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಊರಿನ ವಾಚನಾಲಯದಲ್ಲಿ ಕೆನ್ ಲೋಚ್ ನಿರ್ದೇಶನದ ‘ಕೆಸ್’ (1969) ಚಿತ್ರವನ್ನು ತೋರಿಸಬೇಕೆಂದಿರುವವರು ಮೊದಲು ಅದನ್ನು ತಾವೊಬ್ಬರೇ ಪೂರ್ತಿ ನೋಡಬೇಕು. ಬೈಗುಳ, ಬೆತ್ತದೇಟು, ಮಕ್ಕಳನ್ನು ಅವಮಾನಿಸುವ ದೃಶ್ಯಗಳು, ಕೊನೆಗೆ ಸತ್ತ ಹಕ್ಕಿ, ಇವೆಲ್ಲ ಅದರಲ್ಲಿರುವುದರಿಂದ ಹೆತ್ತವರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಚಿತ್ರದ ಹಕ್ಕುದಾರರಿಂದ ಪ್ರದರ್ಶನದ ಅನುಮತಿಯನ್ನೂ ಆಗಲೇ ಕೇಳಿಕೊಳ್ಳಬೇಕು.

ಹಿನ್ನೆಲೆ ಹೇಳಲು ಐದು ನಿಮಿಷ ಸಾಕು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಬಾರ್ನ್ಸ್‌ಲಿ ಎಂಬ ಕಲ್ಲಿದ್ದಲಿನ ಊರಿದೆ. ಅಲ್ಲಿನ ಹುಡುಗ ಬಿಲ್ಲಿ ಕ್ಯಾಸ್ಪರ್ ಶಾಲೆ ಬಿಡುವ ಹಂತದಲ್ಲಿದ್ದಾನೆ. ಅಂದು 15 ವರ್ಷಕ್ಕೇ ಶಾಲೆ ಬಿಡಬಹುದಿತ್ತು. ಅಣ್ಣ ಜಡ್ ಗಣಿಗೆ ಹೋಗುತ್ತಾನೆ, ಬಿಲ್ಲಿಗೆ ಗಣಿ ಬೇಡ. ಅವನು ಗಿಡುಗದ ಜಾತಿಯ ಕೆಸ್ಟ್ರೆಲ್ ಮರಿಯೊಂದನ್ನು ಹಿಡಿದು ಪಳಗಿಸುತ್ತಾನೆ. ಇಷ್ಟಕ್ಕೆ ನಿಲ್ಲಿಸಬೇಕು.

ನಿಜವಾದ ತೊಡಕು ಮಾತಿನದು. ಬಿಲ್ಲಿಯ ಆಡುನುಡಿ ನಮ್ಮ ಪಠ್ಯಪುಸ್ತಕದ ಇಂಗ್ಲಿಷಲ್ಲ. ಒಮ್ಮೆ ನಾನು ಚಿತ್ರ ನಡೆಯುತ್ತಿರುವಾಗಲೇ ಕನ್ನಡದಲ್ಲಿ ವಿವರಿಸಲು ಹೊರಟು, ಮಕ್ಕಳು ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುವಂತೆ ಮಾಡಿದ್ದೆ. ಅದರ ಬದಲು ಇಂಗ್ಲಿಷ್ ಅಡಿಬರಹವನ್ನು ಹಾಕಿ, ಚಿತ್ರವನ್ನು ನಾಲ್ಕು ಭಾಗ ಮಾಡಿಕೊಂಡು, ಪ್ರತಿ ಭಾಗಕ್ಕೆ ಮೊದಲು ಮುಖ್ಯ ಮಾತುಗಳನ್ನಷ್ಟೇ ಹೇಳಿದರೆ ಸಾಕಾಗುತ್ತದೆ. ಆ ಮಾತುಗಳನ್ನು ಗ್ರಂಥಸ್ಥ ಕನ್ನಡಕ್ಕೆ ತರುವುದು ತಪ್ಪು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಮಕ್ಕಳಿಗೆ, ತರಗತಿಯಲ್ಲಿ ಬಾಯಿ ಕಟ್ಟಿದಂತಾಗುವ ಹುಡುಗನೊಬ್ಬನ ಮಾತು ಮನೆಮಾತಿನಲ್ಲಿಯೇ ಕೇಳಿಸಬೇಕು.

ಚರ್ಚೆಗೆ ಎರಡು ದೃಶ್ಯಗಳನ್ನು ಆರಿಸಿಕೊಂಡರೆ ಸಾಕು. ಹಕ್ಕಿ ಪಳಗಿಸುವ ಪುಸ್ತಕಕ್ಕಾಗಿ ಗ್ರಂಥಾಲಯಕ್ಕೆ ಹೋದ ಬಿಲ್ಲಿಗೆ ಹೆತ್ತವರ ಸಹಿಯಿಲ್ಲದೆ ಸದಸ್ಯತ್ವ ಸಿಗುವುದಿಲ್ಲ. ಅವನು ಹಳೆ ಪುಸ್ತಕದಂಗಡಿಯಿಂದ ಅದನ್ನು ಕದಿಯುತ್ತಾನೆ. ವಾಚನಾಲಯದಲ್ಲಿಯೇ ಕುಳಿತು ಇದನ್ನು ನೋಡುವ ಮಕ್ಕಳನ್ನು, ಕದ್ದದ್ದು ಸರಿಯೇ ಎಂದು ಕೇಳಬಾರದು, ಏಕೆಂದರೆ ಆ ಪ್ರಶ್ನೆಗೆ ಎಲ್ಲರೂ ಒಪ್ಪಿಸುವ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಮ್ಮ ವಾಚನಾಲಯದಲ್ಲಿ ಸದಸ್ಯರಾಗಲು ಏನೇನು ಬೇಕು, ಅದು ಯಾರ ಬಳಿ ಇರುವುದಿಲ್ಲ ಎಂದು ಕೇಳಬೇಕು. ಎರಡನೆಯದು, ಫಾರ್ದಿಂಗ್ ಮೇಷ್ಟ್ರು ಒತ್ತಾಯಿಸಿದಾಗ ಬಿಲ್ಲಿ ತರಗತಿಯ ಮುಂದೆ ನಿಂತು ಹಕ್ಕಿಯನ್ನು ಪಳಗಿಸಿದ ಬಗೆಯನ್ನು ವಿವರಿಸುವ ದೃಶ್ಯ. ದಡ್ಡನೆನಿಸಿಕೊಂಡವನು ಆ ವಿದ್ಯೆಯ ಪದಗಳನ್ನು ತಡವರಿಸದೆ ಬಳಸುತ್ತಾನೆ. ಯಕ್ಷಗಾನದ ತಾಳವನ್ನೋ ಅಡಿಕೆ ಕೊಯ್ಯುವ ಕೌಶಲವನ್ನೋ ಬಲ್ಲ ಮಕ್ಕಳು ನಿಮ್ಮ ಮುಂದೆಯೇ ಇರಬಹುದು. ಅವರಿಗೆ ಹತ್ತು ನಿಮಿಷ ಬಿಟ್ಟುಕೊಡಿ.

ಹಕ್ಕಿಯನ್ನು ಹೂಳುವಲ್ಲಿಗೆ ಚಿತ್ರ ಥಟ್ಟನೆ ಮುಗಿಯುತ್ತದೆ. ಕೂಡಲೇ ದೀಪ ಹಾಕಬೇಡಿ, ಧನ್ಯವಾದ ಸಮರ್ಪಣೆಯೂ ಬೇಡ. ಚಿತ್ರವೇ ಸುಮಾರು ಎರಡು ಗಂಟೆಯಾಗುವುದರಿಂದ ಮಧ್ಯಾಹ್ನ ಎರಡಕ್ಕೆ ಆರಂಭಿಸಿದರೆ, ದೂರದ ಮಕ್ಕಳು ಕತ್ತಲಾಗುವ ಮೊದಲೇ ಬಸ್ಸು ಹಿಡಿಯಬಹುದು.